ಕೂಗಿದವರು ಗೇಟಿನಾಚೆ

ನಮ್ಮಣ್ಣ ಗಾಜಿನ ಕೆಲಸದವನು. ಕಿಟಕಿಗೆ, ಬಾಗಿಲಿಗೆ, ಫೋಟೊ ಚೌಕಟ್ಟಿಗೆ ಗಾಜು ಕೊಯ್ದು ಕೂರಿಸುವುದು ಅವನ ಕಸುಬು. ಅಂಥವನು ಶನಿವಾರ ಬೆಳಿಗ್ಗೆ ಆರು ವರ್ಷದೊಳಗಿನ ಮಕ್ಕಳನ್ನು ಕಟ್ಟಿಕೊಂಡು ಫುಟ್‌ಬಾಲ್ ಆಡಿಸುತ್ತಾನೆ ಎಂದರೆ ಯಾರು ತಾನೇ ನಗುವುದಿಲ್ಲ? "ಚೆಂಡು ಹಂಚೋದೂ ಅವನೇ, ಒಡೆದ ಗಾಜು ಹಾಕೋದೂ ಅವನೇ. ವ್ಯಾಪಾರ ಅಂದ್ರೆ ಇದಪ್ಪ" ಎಂದು ಬೀದಿಯವರು ಆಡಿಕೊಂಡರು. ಅಣ್ಣ ಉತ್ತರ ಕೊಡಲಿಲ್ಲ. ಉತ್ತರ ಕೊಡುವ ಅಭ್ಯಾಸವನ್ನು ಅವನು ಅಷ್ಟು ಹೊತ್ತಿಗೆ ಬಿಟ್ಟಾಗಿತ್ತು.

ನಾನು ಅವನ ತಂಗಿ. ಗಂಡ ತೀರಿಕೊಂಡ ಮೇಲೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವನ ಜೊತೆಯೇ ಇದ್ದೇನೆ. ಅತ್ತಿಗೆ ಅದಕ್ಕೂ ಮೊದಲೇ ತೀರಿಹೋಗಿದ್ದಳು. ನಾನು ಮಾತಿನ ಮಲ್ಲಿ, ಅವನು ಮೌನಿ, ಹಾಗಾಗಿ ಮನೆಯಲ್ಲಿ ಲೆಕ್ಕ ಸರಿಯಾಗುತ್ತದೆ. ಮೈದಾನದಲ್ಲಿ ನನ್ನ ಕೆಲಸ ಬೂಟಿನ ಲೇಸು ಕಟ್ಟುವುದು. ನಗಬೇಡಿ, ಆ ವಯಸ್ಸಿನವರ ಆಟದಲ್ಲಿ ಚೆಂಡು ಒದೆಯುವುದಕ್ಕಿಂತ ಲೇಸು ಬಿಚ್ಚಿಹೋಗುವುದೇ ಹೆಚ್ಚು. ಮಕ್ಕಳಿಗೆ ನಾನು ಲೇಸಜ್ಜಿ, ಸೀಟಿ ಊದುವ ಅಣ್ಣ ಪೀಪಿ ತಾತ.

ಮೈದಾನ ಎಂದರೆ ಮುಚ್ಚಿಹೋದ ನೂಲಿನ ಕಾರ್ಖಾನೆಯ ಹಿಂದಿನ ಖಾಲಿ ಜಾಗ. ಸುತ್ತ ಗೋಡೆ, ಒಂದು ಕಡೆ ತಗಡಿನ ಗೇಟು. ಆ ಗೇಟು ನೆಲಕ್ಕೆ ತಾಗುವುದಿಲ್ಲ, ಕೆಳಗೆ ಮೊಳದಷ್ಟು ಸಂದಿ. ಹೊರಗೆ ಯಾರು ನಿಂತರೂ ಒಳಗಿನವರಿಗೆ ಅವರ ಕಾಲು ಕಾಣುತ್ತದೆ. ಗೇಟಿನ ಪಕ್ಕದ ಗೋಡೆಗೆ ಅಣ್ಣ ಒಂದು ಮಸುಕು ಗಾಜಿನ ಹಲಗೆ ಕೂರಿಸಿ, ಅದರ ಮೇಲೆ ಕಪ್ಪು ಬಣ್ಣದಲ್ಲಿ ಆಟದ ನಿಯಮಗಳನ್ನು ಬರೆದಿದ್ದ.

ಆ ನಿಯಮಗಳನ್ನು ಓದಿದವರಿಗೆ ಇದು ಆಟವೋ ತಮಾಷೆಯೋ ಎಂದು ಅನುಮಾನ ಬರುವುದು ಸಹಜ. ಒಂದು ಕಡೆಗೆ ನಾಲ್ಕೇ ಮಕ್ಕಳು. ಗೋಲು ಕಾಯುವವರು ಯಾರೂ ಇಲ್ಲ. ಗೋಲಿನ ಬಾಯಲ್ಲಿ ಕಂಬದ ಹಾಗೆ ನಿಂತರೆ ಆ ಮಗುವನ್ನು ಮೆಲ್ಲಗೆ ಮುಂದಕ್ಕೆ ಕರೆದು ತರಬೇಕು. ಚೆಂಡಿಗೆ ತಲೆ ಕೊಡುವಂತಿಲ್ಲ. ಗೆರೆ ದಾಟಿದ ಚೆಂಡನ್ನು ಕಾಲಲ್ಲೇ ಒಳಗೆ ತಳ್ಳಬೇಕು. ಎಲ್ಲರಿಗೂ ಸಮನಾಗಿ ಆಡಲು ಸಿಗಬೇಕು, ಚುರುಕಾದ ಮಗುವಿಗೂ, ಇರುವೆ ನೋಡುತ್ತ ಕೂರುವ ಮಗುವಿಗೂ. ಗೋಲು ಎಷ್ಟಾಯಿತೆಂದು ಎಣಿಸುವಂತಿಲ್ಲ. ಮಗು ತನ್ನದೇ ಗೋಲಿಗೆ ಹೊಡೆದರೂ ಚಪ್ಪಾಳೆ ತಟ್ಟಬೇಕು, ಯಾಕೆಂದರೆ ಅಷ್ಟು ದೂರ ಚೆಂಡನ್ನು ಒಯ್ದದ್ದೇನು ಸಾಮಾನ್ಯವೇ? ದೊಡ್ಡವರೆಲ್ಲ ಒಂದೇ ಬದಿಯಲ್ಲಿ, ಹಗ್ಗದ ಆಚೆ.

ಇವೆಲ್ಲ ಬೇರೆ ಕಡೆಯೂ ಇರುವ ನಿಯಮಗಳೇ. ಕೊನೆಯದೊಂದು ಮಾತ್ರ ಅಣ್ಣನದು. 'ಮಕ್ಕಳ ಮೇಲೆ ಕೂಗಿದ ದೊಡ್ಡವರು ಗೇಟಿನ ಆಚೆ ಹೋಗಬೇಕು. ಆ ದಿನವೂ, ಮುಂದಿನ ಶನಿವಾರವೂ. ಮಗು ಒಳಗೇ ಆಡುತ್ತದೆ.' ಒಮ್ಮೆ ಹಲ್ಲಿನ ಡಾಕ್ಟರು ಮಗಳಿಗೆ "ಎಡಕ್ಕೆ, ಎಡಕ್ಕೆ, ನಿನ್ ಎಡಗೈ ಯಾವುದೇ!" ಎಂದು ಅರಚಿದಾಗ ಅಣ್ಣ ಸೀಟಿ ಊದಿ ಗೇಟಿನ ಕಡೆ ಬೆರಳು ತೋರಿಸಿದ. ಊರಿನವರಿಗೆಲ್ಲ ಬಾಯಿ ತೆರೆ ಎನ್ನುವವರು ಬಾಯಿ ಮುಚ್ಚಿಕೊಂಡು ಎರಡು ಶನಿವಾರ ಹೊರಗೆ ನಿಂತರು.

ಆದರೆ ಈ ನಿಯಮ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ನಮ್ಮಣ್ಣನ ಬಾಯಿ ಒಂದು ಕಾಲದಲ್ಲಿ ಊರಿಗೇ ದೊಡ್ಡದು. ಅವನ ಒಬ್ಬನೇ ಮಗ ಚಿಕ್ಕವನಿದ್ದಾಗ ಒಳ್ಳೆಯ ಆಟಗಾರ. ಗೆರೆಯ ಪಕ್ಕ ನಿಂತು ಅಣ್ಣ ಕೂಗುತ್ತಿದ್ದ ಕೂಗಿಗೆ ಎದುರು ತಂಡದ ಮಕ್ಕಳೂ ಬೆಚ್ಚುತ್ತಿದ್ದರು. ಹುಡುಗ ಒಂದು ಗಳಿಗೆ ನಿಂತರೆ ಸಾಕು, "ಕಾಲಿಗೆ ಬೇರು ಬಿಟ್ಟಿದೆಯೇನೋ?" ಎನ್ನುವನು. ನೋಡುತ್ತಿದ್ದವರು ನಗುವರು, ಹುಡುಗ ಕಿವಿಯವರೆಗೆ ಕೆಂಪಾಗುವನು. ಹನ್ನೊಂದನೇ ವಯಸ್ಸಿಗೆ ಅವನು ಬೂಟನ್ನು ಚರಂಡಿಗೆ ಎಸೆದು ಮನೆಗೆ ಬಂದ. ಅಣ್ಣ ಅದಕ್ಕೂ ಕೂಗಿದ.

ಮುಂದೆ ಮಗ ಅಂಗಡಿಯಲ್ಲೇ ಕೆಲಸಕ್ಕೆ ನಿಂತ. ಕೈ ಚೆನ್ನಾಗಿತ್ತು. ಕೊಯ್ಯುವಾಗ ಗಾಜಿನ ಮೇಲೆ ವಜ್ರದ ಮೊನೆ ಎಳೆಯುವುದು ಒಂದೇ ಸಲ, ಎರಡನೇ ಗೆರೆ ಎಂಬುದಿಲ್ಲ. ಅವನ ಕೈಯಿಂದ ಒಂದು ದಿನ ದೊಡ್ಡ ಕನ್ನಡಿಯೊಂದು ಜಾರಿತು. ಗಿರಾಕಿಗಳ ಎದುರು, ಮೂರು ತಿಂಗಳ ಬಸುರಿ ಹೆಂಡತಿಯ ಎದುರು, ಅಣ್ಣ ಅದೇ ಹಳೆಯ ದನಿಯಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅಂದ. ಮಗ ಚೂರುಗಳನ್ನೆಲ್ಲ ಗುಡಿಸಿ, ಕೈ ತೊಳೆದು, "ನನ್ನ ಕಿವಿ ಸತ್ತುಹೋಯ್ತು. ನಿನ್ನ ಬಾಯಿ ನನ್ನ ಮಗೂ ಕಿವಿಗೆ ಬೀಳಬಾರದು" ಎಂದು ಹೆಂಡತಿಯನ್ನು ಕರೆದುಕೊಂಡು ಊರಿನ ಇನ್ನೊಂದು ತುದಿಗೆ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅಣ್ಣ ಬೀದಿನಾಯಿಗೂ ದನಿ ಎತ್ತಿಲ್ಲ. ಸೀಟಿ ಅವನಿಗೆ ಸಿಕ್ಕ ಎರಡನೇ ಬಾಯಿ.

ಹೋದ ವರ್ಷ ಸೊಸೆ ಒಂದು ಶನಿವಾರ ಐದು ವರ್ಷದ ಮಗುವಿನ ಕೈ ಹಿಡಿದು ಬಂದಳು. ನನ್ನನ್ನು ಪಕ್ಕಕ್ಕೆ ಕರೆದು, "ಅತ್ತೆ, ಇವರಿಗೆ ಗೊತ್ತಿಲ್ಲ, ಶನಿವಾರ ಕೆಲಸಕ್ಕೆ ಹೋಗ್ತಾರೆ. ತಾತ ಅಂತ ಮಗೂಗೂ ಹೇಳಿಲ್ಲ. ಮಾವ ಆಡಿಸ್ಲಿ, ಅಷ್ಟೇ" ಎಂದಳು. ದುಂಡಗೆ, ಮೊಳಕೆ ಬಂದ ಹಾಗಿದ್ದ ಆ ಮಗುವಿಗೆ ನಾನು ಬಟಾಣಿ ಎಂದು ಹೆಸರಿಟ್ಟೆ. ಅಣ್ಣ ಅವನನ್ನು ಎಲ್ಲ ಮಕ್ಕಳ ಹಾಗೆಯೇ ನಡೆಸಿಕೊಂಡ. ಆದರೆ ಶುಕ್ರವಾರ ಸಂಜೆ ಸೀಮೆಎಣ್ಣೆ ಹಚ್ಚಿ ಬೆರಳಿನ ಸಂದಿಗೆ ಅಂಟಿದ, ಗಾಜು ಕೂರಿಸುವ ಪುಟ್ಟಿಯನ್ನೆಲ್ಲ ತಿಕ್ಕಿ ತೆಗೆಯತೊಡಗಿದ. ಶನಿವಾರ ನುಣ್ಣಗೆ ಗಡ್ಡ ಹೆರೆದುಕೊಂಡು ಹೊರಡುವನು. ಮದುವೆ ಗಂಡೇ ಸರಿ ಎಂದು ನಾನು ರೇಗಿಸಿದರೆ ನಗುವನು.

ಬಟಾಣಿ ಓಡುವ ಜಾತಿಯಲ್ಲ, ನಿಂತು ಯೋಚಿಸುವ ಜಾತಿ. ಚೆಂಡು ಕಾಲಿನ ಹತ್ತಿರ ಬಂದರೆ ಮೊದಲು ತಲೆಯೆತ್ತಿ ಪೀಪಿ ತಾತನನ್ನು ನೋಡುವನು. ಅಣ್ಣ ಸುಮ್ಮನೆ ತಲೆಯಾಡಿಸುವನು. ಆಮೇಲೆ ಅವನು ಒದೆಯುವನು, ಎತ್ತ ಬೇಕಾದರತ್ತ.

ಮಗುವಿನ ಬಾಯಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಊಟಕ್ಕೆ ಕೂತಾಗ ಪೀಪಿ ತಾತ, ಮಲಗುವಾಗ ಪೀಪಿ ತಾತ. ಗಾಜಿನ ಹಲಗೆಯ ಸುದ್ದಿ ಬಂದೊಡನೆ ಅಣ್ಣನ ಮಗನಿಗೆ ಎಲ್ಲ ತಿಳಿಯಿತು. ಅವನು ಮನೆಯಲ್ಲಿ ರಂಪ ಮಾಡಲಿಲ್ಲವಂತೆ. ಕೆಲಸದ ಪಾಳಿ ಬದಲಿಸಿಕೊಂಡು, ಶನಿವಾರ ತಾನೇ ಬಂದು ಹಗ್ಗದ ಆಚೆ ನಿಂತ. ಅಪ್ಪನ ಕಡೆ ತಿರುಗದೆ ನನಗೆ ಹೇಳಿದ. "ಅತ್ತೆ, ಆಡ್ಲಿ. ನಾನು ನಿಂತು ನೋಡ್ತೀನಿ. ಆ ಬಾಯಿ ಒಂದು ಸಲ ತೆರೆದ್ರೂ ನನ್ನ ಮಗ ಮತ್ತೆ ಇಲ್ಲಿ ಕಾಲಿಡಲ್ಲ." ಅಣ್ಣನಿಗೂ ಕೇಳಿಸಿತು. ಅವನು ಸೀಟಿಯನ್ನು ತುಟಿಗೆ ಇಟ್ಟುಕೊಂಡ.

ಮೊದಲ ವಾರ ಮಗ ಕೈಕಟ್ಟಿ ನಿಂತಿದ್ದ. ಮರುವಾರ "ಓಡೋ" ಎಂದ. ಅದರ ಮರುವಾರ ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು, "ಕಾಲಿಗೆ ಬೇರು ಬಿಟ್ಟಿದೆಯೇನೋ?" ಎಂದು ಕೂಗಿದ. ಯಾರದೋ ಲೇಸು ಕಟ್ಟುತ್ತಿದ್ದ ನಾನು ತಲೆಯೆತ್ತಿ ಅಣ್ಣನನ್ನು ಹುಡುಕಿದೆ, ಅವನೇ ಕೂಗಿದನೇನೋ ಎಂದು. ಅದೇ ಏರು, ಅದೇ ಎಳೆತ. ಅಣ್ಣನ ಬಾಯಲ್ಲಿ ಸೀಟಿ ಇತ್ತು, ಊದಲಿಲ್ಲ. ಜಾಣ ಕಿವುಡು ನಟಿಸುತ್ತ ಚೆಂಡಿನ ಹಿಂದೆ ಹೋದ.

ಮಿಕ್ಕವರಿಗೆ ಕಣ್ಣಿಲ್ಲವೇ? ಅವರೂ ಒಬ್ಬೊಬ್ಬರಾಗಿ ಬಾಯಿ ಬಿಡತೊಡಗಿದರು. ಹಲ್ಲಿನ ಡಾಕ್ಟರು ನನಗೆ ಕೇಳಿಸುವ ಹಾಗೆ, "ತಮ್ಮ ತಟ್ಟೇಲಿ ಹೆಗ್ಗಣ ಬಿದ್ದಿದ್ರೂ ಪಕ್ಕದವರ ತಟ್ಟೆ ನೊಣ ಹುಡುಕ್ತಾರೆ" ಎಂದರು. ಎರಡೇ ಶನಿವಾರದಲ್ಲಿ ಮೈದಾನ ಸಂತೆಯಾಯಿತು. ಮಕ್ಕಳು ಚೆಂಡು ಬಿಟ್ಟು ಅಪ್ಪ ಅಮ್ಮಂದಿರ ಮುಖ ನೋಡಿ ಓಡತೊಡಗಿದರು. ಮೂವರು ಅತ್ತರು.

ಮನೆಗೆ ಬಂದು ನಾನು ಸುಮ್ಮನಿರಲಿಲ್ಲ. "ಬೇಲಿನೇ ಎದ್ದು ಹೊಲ ಮೇಯ್ದ ಹಾಗಾಯ್ತು. ಊದಬಾರದಾ?" ಎಂದೆ.

"ಊದಿದ್ರೆ ಮಗೂನ ಕರ್ಕೊಂಡು ಹೋಗ್ತಾನೆ."

"ಹೋಗ್ಲಿ. ಆ ಹಲಗೆನಾದ್ರೂ ಕಿತ್ತು ಹಾಕು ಹಾಗಾದ್ರೆ."

ಅಣ್ಣ ಕತ್ತರಿಸುವ ಮೇಜಿನ ಮೇಲಿನ ಗಾಜಿನ ಪುಡಿಯನ್ನು ಬ್ರಷ್ಷಿನಿಂದ ಒಂದು ಮೂಲೆಗೆ ಒತ್ತರಿಸಿದ. "ಅವನು ಕೂಗಿದ್ದು ನನ್ನ ಮಾತು ಕಣೇ" ಎಂದ. "ನನ್ನ ಮಾತಿಗೆ ನಾನು ಯಾವ ಬಾಯಲ್ಲಿ ಸೀಟಿ ಊದ್ಲಿ?"

ಮುಂದಿನ ಶನಿವಾರ ಚೆಂಡು ಉರುಳುತ್ತ ಬಂದು ಬಟಾಣಿಯ ಕಾಲ ಬಳಿ ನಿಂತಿತು. ಎದುರಿಗೆ ಖಾಲಿ ಗೋಲು. ಹಗ್ಗದ ಆಚೆಯಿಂದ ಹತ್ತು ಬಾಯಿಗಳು "ಹೊಡಿ, ಹೊಡಿ" ಎಂದವು. ಮಗು ಅಭ್ಯಾಸದಂತೆ ತಲೆಯೆತ್ತಿ ತಾತನನ್ನು ನೋಡಿತು. "ಅಲ್ಲೇನು ನೋಡ್ತೀಯ? ಕಾಲಿಗೆ ಬೇರು ಬಿಟ್ಟಿದೆಯೇನೋ?" ಎಂದು ಮಗ ಹಗ್ಗದ ಕೆಳಗೆ ನುಗ್ಗಿ ಬಂದು ಬಟಾಣಿಯ ಭುಜ ಹಿಡಿದು ಗೋಲಿನ ಕಡೆ ತಿರುಗಿಸಿದ. ಮಗು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿತು. ಚಡ್ಡಿ ಒದ್ದೆಯಾಯಿತು.

"ಬಿಡೋ ಅವನನ್ನ!"

ಅಂಗಡಿಯ ಗಾಜುಗಳನ್ನು ಅದುರಿಸುತ್ತಿದ್ದ ಅಣ್ಣನ ದನಿಯನ್ನು ನಾನು ವರ್ಷಗಳ ಮೇಲೆ ಕೇಳಿದೆ. ಗೋಡೆಯ ಹತ್ತಿರವಿದ್ದ ಪುಟ್ಟ ಹುಡುಗಿಯೊಬ್ಬಳು ಅಳಲು ಶುರುಮಾಡಿದಳು. ಮಗ ಕೈ ತೆಗೆದ. ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಹನ್ನೊಂದು ವರ್ಷದವನ ಮುಖ ಇತ್ತು. "ತೆರೀತಲ್ಲ ಬಾಯಿ" ಎಂದ.

ಅಣ್ಣ ಕೊರಳಿನ ಸೀಟಿ ತೆಗೆದು ನನ್ನ ಕೊರಳಿಗೆ ಹಾಕಿದ. "ಇಬ್ಬರೂ ಕೂಗಿದ್ವಿ. ನಡಿ" ಎಂದು ಮಗನಿಗೆ ಹೇಳಿ, ತಾನೇ ಮುಂದಾಗಿ ಗೇಟಿನ ಕಡೆ ನಡೆದ. ಮಗ ಬಟಾಣಿಯನ್ನು ನೋಡಿದ, ಹಲಗೆಯನ್ನು ನೋಡಿದ, ತನ್ನನ್ನೇ ನೋಡುತ್ತಿದ್ದ ಜನರನ್ನು ನೋಡಿದ. ಆಮೇಲೆ ಅವನೂ ಹೋದ. ನಾನು ಮಗುವಿಗೆ ಬೇರೆ ಚಡ್ಡಿ ಹಾಕಿ, ಬಿಚ್ಚದ ಲೇಸನ್ನೇ ಬಿಚ್ಚಿ ಕಟ್ಟಿದೆ. ಸೀಟಿ ಊದಿದರೆ ಉಗುಳು ಬಂತು, ಸದ್ದು ಬರಲಿಲ್ಲ. ಗೇಟಿನ ಸಂದಿಯಲ್ಲಿ ಎರಡು ಜೊತೆ ಕಾಲು ಕಾಣುತ್ತಿದ್ದವು, ಒಂದು ಆ ತುದಿಗೆ, ಒಂದು ಈ ತುದಿಗೆ. ಆಟ ಮುಗಿದೊಡನೆ ಮಗ ಬಂದು ಬಟಾಣಿಯನ್ನು ಎತ್ತಿಕೊಂಡು ಹೊರಟುಹೋದ.

ಆ ವಾರ ಅಣ್ಣ ಒಂದು ಕಿಟಕಿಯ ಗಾಜನ್ನು ಬೆರಳಗಲ ಗಿಡ್ಡ ಕೊಯ್ದ. ಜೀವಮಾನದಲ್ಲೇ ಅವನು ಅಂಥ ತಪ್ಪು ಮಾಡಿದವನಲ್ಲ. "ಹೋಯ್ತು ಬಿಡು" ಎಂದ. ಗಾಜಿಗೆ ಹೇಳಿದನೋ ಮೊಮ್ಮಗನಿಗೆ ಹೇಳಿದನೋ, ನಾನು ಕೇಳಲಿಲ್ಲ. ಶುಕ್ರವಾರ ಕೈಯ ಪುಟ್ಟಿಯನ್ನು ತೆಗೆಯಲಿಲ್ಲ.

ಶನಿವಾರ ಅವನು ನನ್ನ ಜೊತೆ ಗೇಟಿನ ತನಕ ಬಂದು ಅಲ್ಲೇ ನಿಂತ. "ನೀವ್ಯಾಕೆ ಹೊರಗೆ? ಬನ್ನಿ ಒಳಗೆ" ಎಂದು ಹಲ್ಲಿನ ಡಾಕ್ಟರೇ ಕರೆದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಅಣ್ಣ ಹಲಗೆಯ ಕಡೆ ಕೈ ತೋರಿಸಿ ಗೋಡೆಗೆ ಒರಗಿದ. ಬಟಾಣಿ ಬಂದಿರಲಿಲ್ಲ. ನಾನು ಬೀದಿಯನ್ನೇ ನೋಡುತ್ತ ಎಷ್ಟು ತಡಮಾಡಿದರೂ ಬರಲಿಲ್ಲ. ಕೊನೆಗೆ ಸೀಟಿ ಊದಿದೆ. ಹಗ್ಗದ ಆಚೆ ಯಾರೂ ಕೂಗಲಿಲ್ಲ.

ನೀರು ಕುಡಿಯಲು ನಿಲ್ಲಿಸಿದ್ದಾಗ ಗೇಟು ಕಿರ್ರೆಂದಿತು. ಬಟಾಣಿ ಒಬ್ಬನೇ ಒಳಗೆ ನುಸುಳಿ ಬಂದ. ನಾನು ಮಂಡಿಯೂರಿ ಅವನ ಲೇಸು ಹಿಡಿದುಕೊಂಡೆ. "ಯಾರ ಜೊತೆ ಬಂದೆ ರಾಜಾ?"

"ಅಪ್ಪನ ಜೊತೆ. ಅಪ್ಪ ಇವತ್ತೂ ಹೊರಗೇ ನಿಲ್ಬೇಕಂತೆ. ಹೋದ ಸಲ ಕೂಗಿದ್ರಲ್ಲ." ಸ್ವಲ್ಪ ಯೋಚಿಸಿ, "ಪೀಪಿ ತಾತನೂ ಅಲ್ಲೇ ಇದಾರೆ" ಎಂದ.

ಲೇಸು ನನ್ನ ಕಣ್ಣಿಗೆ ಮಂಜಾಯಿತು. ಗಂಟು ಹೇಗೆ ಬಿತ್ತೋ ಗೊತ್ತಿಲ್ಲ.

ಆಟ ಮತ್ತೆ ಶುರುವಾಯಿತು. ಚೆಂಡು ತಿರುಗಾಡಿ ಬಟಾಣಿಯ ಕಾಲಿಗೆ ಬಂತು. ಅವನು ತಲೆಯೆತ್ತಿ ತಾತನನ್ನು ಹುಡುಕಿದ, ಹಗ್ಗದ ಹತ್ತಿರ ಅಪ್ಪನನ್ನು ಹುಡುಕಿದ. ಇಬ್ಬರೂ ಇರಲಿಲ್ಲ. ಒಂದಿಷ್ಟು ಹೊತ್ತು ಹಾಗೇ ನಿಂತ, ಯಾರೂ ಏನೂ ಅನ್ನಲಿಲ್ಲ. ಆಮೇಲೆ ಗೇಟಿನ ಬದಿಯ ಗೋಲಿಗೆ, ಎಂದರೆ ತನ್ನದೇ ಗೋಲಿಗೆ, ನೆಟ್ಟಗೆ ಒದ್ದ. ನಿಯಮದಂತೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಚೆಂಡನ್ನು ತರಲು ನಾನು ಗೇಟಿನ ಹತ್ತಿರ ಹೋದೆ. ಸಂದಿಯಲ್ಲಿ ಕಾಣುತ್ತಿದ್ದ ಕಾಲುಗಳು ಇನ್ನೂ ದೂರ ದೂರವೇ ಇದ್ದವು.

"ಹೊಡೆದಿದ್ದು ಅವನೇನಾ?" ಮಗನ ದನಿ, ಮೆಲ್ಲಗೆ.

ಅಣ್ಣ ಅಷ್ಟೇ ಮೆಲ್ಲಗೆ, "ನಾವು ನೋಡೋ ಹಾಗಿಲ್ಲಪ್ಪ. ಮುಂದಿನ ಶನಿವಾರ" ಎಂದ.