ಕಾಮೆಂಟುಗಳ ಸಮೇತ

ಜಾಲತಾಣದ ಬರಹಗಳನ್ನು ಪುಸ್ತಕ ಮಾಡುವ ಪುಟ್ಟ ಪ್ರಕಾಶನವೊಂದನ್ನು ಆಲೂರಿನಲ್ಲಿ ನಡೆಸುತ್ತಿದ್ದೇನೆ. ಅದರ ಯಜಮಾನನೂ ನಾನೇ, ಆಳೂ ನಾನೇ. ಹೋದ ವರ್ಷ ದೋಣಿಗಲ್ ಕಡೆಯ ಮೇಷ್ಟರೊಬ್ಬರ ಬರಹಗಳನ್ನು ಅಚ್ಚಿಗೆ ತಂದೆ. ಕಾಫಿ ಹಣ್ಣು ತೊಳೆದ ಕೊಳಕು ನೀರನ್ನು ಎಸ್ಟೇಟಿನವರು ಹಳ್ಳಕ್ಕೆ ಬಿಡುವುದರ ಬಗ್ಗೆ ಅವರು ಬರೆದದ್ದನ್ನು ಓದಿದರೆ ಮೂಗಿಗೇ ನಾತ ಬಡಿಯುತ್ತಿತ್ತು. ಆದರೆ ಅವರದೊಂದು ಹಠ. ಪ್ರತಿ ಲೇಖನದ ಕೆಳಗೆ ಬಂದ ಕಾಮೆಂಟುಗಳೂ ಹೆಸರು ಸಮೇತ ಅಚ್ಚಾಗಬೇಕು. ‘ಸೂಪರ್ ಸರ್’, ‘ಸೂಪರ್ ಸರ್’ ಎಂದು ಪುಟಗಟ್ಟಲೆ ಜೋಡಿಸುತ್ತಾ ಕೂತೆ.

ಸಕಲೇಶಪುರದಲ್ಲಿ ಪುಸ್ತಕ ಬಿಡುಗಡೆಯಾದ ದಿನ ಯಾರೂ ಲೇಖನ ಓದಲಿಲ್ಲ. ಎಲ್ಲರೂ ತಂತಮ್ಮ ಹೆಸರು ಹುಡುಕುತ್ತಿದ್ದರು. ಮುಖ್ಯ ಅತಿಥಿಯಾಗಿ ಬಂದವರು ಆ ಹಳ್ಳಕ್ಕೇ ನೀರು ಬಿಡುವ ಎಸ್ಟೇಟಿನ ಧಣಿ.

“ನಂದೆಲ್ಲೈತೆ ನೋಡಿ ಹೇಳು ಮಾರಾಯ,” ಎಂದು ನನ್ನ ಕೈಗೆ ಪುಸ್ತಕ ಕೊಟ್ಟರು.

ಪುಟ ತೆಗೆದು ಕೊಟ್ಟೆ. ಹಳ್ಳದ ಲೇಖನದ ಕೆಳಗೇ ಇತ್ತು: ‘ನಮ್ಮ ಕಣ್ಣು ತೆರೆಸಿದಿರಿ ಸರ್.’ ಅವರು ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ, ಒಂದು ಕಟ್ಟು ಪುಸ್ತಕವನ್ನು ಕಾರಿಗೆ ಹಾಕಿಸಿಕೊಂಡು ಹೊರಟರು.

ಕಾರು ಮರೆಯಾಗುವವರೆಗೂ ಮೇಷ್ಟರು ಕೈಮುಗಿದುಕೊಂಡೇ ನಿಂತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: “ಎರಡ್ನೇ ಮುದ್ರಣಕ್ಕೆ ಮುನ್ನುಡಿ ಇವರತ್ರನೇ ಬರೆಸೋಣ ಕಣ್ರೀ.”