ಆಂಬ್ಯುಲೆನ್ಸಿನ ಪಕ್ಕೆಯ ಮೇಲೆ ಮೂವತ್ತೆಂಟು ಹೆಸರು

ಬೆಳಗಿನ ಐದೂವರೆ. ಕಾಂಗ್‌ಬೇ ಬಂದರಿನ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಹೊಚ್ಚಹೊಸ ಆಂಬ್ಯುಲೆನ್ಸ್ ನಿಂತಿದೆ. ಮೂತಿಗೆ ಕೆಂಪು ಬಟ್ಟೆಯ ದೊಡ್ಡ ಹೂವು ಕಟ್ಟಿದ್ದಾರೆ. ಅದರ ಪಕ್ಕದಲ್ಲಿ ಮೊಣಕಾಲೂರಿ ಕೂತ ಚುವಾಂಗ್ ಪಿಕ್‌ಹುನ್ ಬಿಳಿ ತಗಡಿಗೆ ಸ್ಪಂಜಿನಿಂದ ಸೋಪುನೀರು ಹಚ್ಚುತ್ತಾರೆ. ಅಂಟುಹಾಳೆಯಲ್ಲಿ ಚಾಕುವಿನಿಂದ ಕೊರೆದಿಟ್ಟ ಕೆಂಪು ಅಕ್ಷರವನ್ನು ಆ ನೀರಿನ ಮೇಲೆ ಕೂರಿಸಿ, ಉಗುರಿನಿಂದ ಕೂದಲೆಳೆಯಷ್ಟು ಸರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತಿ ನೀರು ಹೊರದೂಡುತ್ತಾರೆ. ಆಮೇಲೆ ಉಸಿರು ಬಿಡುತ್ತಾರೆ. ಅಲ್ಲಿಯವರೆಗೆ ಬಿಡುವುದಿಲ್ಲ.

"ತಗಡು ತಣ್ಣಗಿರೋವಾಗ್ಲೇ ಮುಗಿಸ್ಬೇಕು. ಬಿಸಿಲು ಬಿತ್ತೋ, ಅಂಟು ಮಾತು ಕೇಳಲ್ಲ," ಎನ್ನುತ್ತಾರೆ.

ಅರವತ್ತೊಂದರ ಇವರು ಊರಿಗೆಲ್ಲ ಹುನ್ ಅಕ್ಕ. ತೈವಾನಿನ ಈ ಕರಾವಳಿಯಲ್ಲಿ ಆಂಬ್ಯುಲೆನ್ಸ್ ಕೊಡಿಸಿದವರ ಹೆಸರನ್ನು ಅದರ ಮೈಮೇಲೆಯೇ ಬರೆಯುತ್ತಾರೆ. ಅಪ್ಪನ ನೆನಪಿಗೆಂದು ಮಗ, ಹರಕೆ ತೀರಿತೆಂದು ದೋಣಿ ಮಾಲೀಕ, ಹೀಗೆ ಸಾಮಾನ್ಯವಾಗಿ ಒಬ್ಬರೇ ಕೊಡುತ್ತಾರೆ. ಈ ಸಲ ಮೀನು ಮಾರುಕಟ್ಟೆಯ ಮೂವತ್ತೆಂಟು ಅಂಗಡಿಯವರು ಸೇರಿ ಕೊಟ್ಟಿದ್ದಾರೆ. ಒಬ್ಬೊಬ್ಬರ ಹೆಸರಿಗೆ ಮೂರು ಚೀನೀ ಅಕ್ಷರ, ಒಟ್ಟು ನೂರ ಹದಿನಾಲ್ಕು. ಗಾಡಿ ಊರಿಗೆ ಬಂದದ್ದು ನಿನ್ನೆ ಸಂಜೆ. ಹಸ್ತಾಂತರಕ್ಕೆ ಪಂಚಾಂಗ ಕೊಟ್ಟ ಶುಭಗಳಿಗೆ ಇಂದು ಒಂಬತ್ತಕ್ಕೆ. ಅಷ್ಟರೊಳಗೆ ಎಲ್ಲ ಹೆಸರೂ ಕೂತಿರಬೇಕು. ಇಪ್ಪತ್ತಾರು ವರ್ಷದಲ್ಲಿ ನಲವತ್ತೊಂದು ಆಂಬ್ಯುಲೆನ್ಸ್ ಇವರ ಕೈ ದಾಟಿವೆ. ದಾನಿಗಳ ಸನ್ಮಾನದ ಹೊತ್ತಿಗೆ ಒಂದಕ್ಷರ ಕಡಿಮೆಯಾದದ್ದಿಲ್ಲ.

ಹೆಸರುಗಳ ಸಾಲಿನ ಬಗ್ಗೆ ತಿಂಗಳಿಡೀ ಜಗಳ ನಡೆದಿತ್ತು. ಹೆಚ್ಚು ಕೊಟ್ಟವರು ಮೇಲಿರಬೇಕೆಂದು ಕೆಲವರು, ಹಿರಿಯರು ಮೇಲಿರಬೇಕೆಂದು ಕೆಲವರು. ಮಾರುಕಟ್ಟೆಯ ಬಾಗಿಲಿನಿಂದ ಒಳಕ್ಕೆ ಅಂಗಡಿಗಳು ಹೇಗಿವೆಯೋ ಹಾಗೇ ಅಂಟಿಸುತ್ತೇನೆ, ಎಲ್ಲವೂ ಒಂದೇ ಗಾತ್ರ ಎಂದು ಹುನ್ ಅಕ್ಕ ಹೇಳಿದ ಮೇಲೆ ಬಾಯಿಗಳು ಮುಚ್ಚಿದವು. ಎಲ್ಲರಿಗಿಂತ ಹೆಚ್ಚು ಕೊಟ್ಟ, ಎಂಬತ್ತರ ಅಜ್ಜಿ ಗಿಮ್ ಆಮಾ ಕಡಲ ಸಿಂಪಿ ಮಾರುವುದು ಕಟ್ಟಕಡೆಯಲ್ಲಿ, ಶೌಚಾಲಯದ ಪಕ್ಕದಲ್ಲಿ. "ಇಷ್ಟು ವರ್ಷ ಆ ವಾಸನೆ ಕುಡ್ದೆ, ಈಗ ಗಾಡಿ ಮೇಲೂ ಅಲ್ಲೇ ಕೂರ್ಬೇಕಾ?" ಎಂದು ಅವರು ಬೈದರೂ ಒಪ್ಪಿದರು.

ಹುನ್ ಅಕ್ಕನ ಅಪ್ಪ ದೋಣಿಗಳಿಗೆ ಹೆಸರು ಬರೆಯುತ್ತಿದ್ದವರು. ಮಗಳು ಬಣ್ಣದ ಡಬ್ಬ ಹಿಡಿದು ಬೆಳೆದಳು, ಅಂಗಡಿ ಫಲಕಗಳಿಗೆ ಇಳಿದಳು. ಅಕ್ಷರ ಕತ್ತರಿಸುವ ಯಂತ್ರ ಬಂದಮೇಲೆ ಫಲಕದ ಕೆಲಸ ತಿಂಗಳಿಗೆ ನಾಲ್ಕೈದಕ್ಕೆ ಇಳಿದಿದೆ. ಈಗ ಹೊಟ್ಟೆಪಾಡಿಗೆ ದಿನಕ್ಕೆ ಆರು ಗಂಟೆ ಸಿಂಪಿಯ ಚಿಪ್ಪು ಒಡೆಯುತ್ತಾರೆ. ಆಂಬ್ಯುಲೆನ್ಸಿನ ಕೆಲಸಕ್ಕೆ ಮಾತ್ರ ಕೂಲಿ ಮುಟ್ಟುವುದಿಲ್ಲ. ಏಕೆಂದು ಕೇಳಿದರೆ ಚಾಕುವಿನ ಮೊನೆ ಪರೀಕ್ಷಿಸುತ್ತಾರೆ. ಇನ್ನೊಂದು ಅಕ್ಷರ ಕೂರುತ್ತದೆ, ಅಷ್ಟೇ.

ಏಳೂಮುಕ್ಕಾಲು. ಇಪ್ಪತ್ತಾರನೆಯ ಹೆಸರು, ಮೀನುಂಡೆ ಮಾರುವ ಆ-ತೋ ಅವರದು, ಆಗಷ್ಟೇ ಕೂತಿದೆ. ಠಾಣೆಯ ಗಂಟೆ ಹೊಡೆದುಕೊಳ್ಳುತ್ತದೆ. ಉಪ್ಪಿನ ಗದ್ದೆಯ ಕಡೆ ಯಾರೋ ಎದೆ ಹಿಡಿದುಕೊಂಡು ಬಿದ್ದಿದ್ದಾರೆ. ಹಳೆಯ ಆಂಬ್ಯುಲೆನ್ಸ್ ಹೆರಿಗೆಗೆಂದು ಹೋದದ್ದು ಇನ್ನೂ ಬಂದಿಲ್ಲ.

ಠಾಣೆಯ ಮುಖ್ಯಸ್ಥ ಲಾಯ್ ಓಡಿ ಬಂದವರು ಹೊಸ ಗಾಡಿಯನ್ನೂ ಹುನ್ ಅಕ್ಕನನ್ನೂ ನೋಡಿ ನಿಲ್ಲುತ್ತಾರೆ. ದಾಖಲೆಗಳೆಲ್ಲ ಸರಿಯಿವೆ, ಆದರೆ ಗಾಡಿ ಇನ್ನೂ ಹಸ್ತಾಂತರವಾಗಿಲ್ಲ.

"ಅಕ್ಕಾ, ಅಂಟು ಇನ್ನೂ ಹಸಿಯಾಗಿದೆಯಲ್ಲ?"

"ಹಸೀನೇ. ಕೊನೇ ಸಾಲು ನಿಲ್ಲಲ್ಲ."

"ದಾನಿಗಳು ಏನಂತಾರೋ..."

"ಅವ್ರ ಹತ್ರ ಬೈಸ್ಕೊಳ್ಳೋಕೆ ನಾನಿದೀನಿ. ನೀನು ಗಾಡಿ ಬಿಡಪ್ಪಾ!"

ಹೂವು ಬಿಚ್ಚುವಷ್ಟೂ ಪುರುಸೊತ್ತಿಲ್ಲ. ಮದುಮಗನ ಹಾಗೆ ಸಿಂಗರಿಸಿಕೊಂಡ ಆಂಬ್ಯುಲೆನ್ಸ್ ಕೂಗುತ್ತಾ ಗೇಟು ದಾಟುತ್ತದೆ.

ಎಂಟೂವರೆಗೆ ಮಾರುಕಟ್ಟೆಯೇ ಠಾಣೆಗೆ ಬಂದಿಳಿಯುತ್ತದೆ. ಸಾಲಾಗಿ ಕುರ್ಚಿ, ಮೇಜಿನ ಮೇಲೆ ಸನ್ಮಾನ ಫಲಕಗಳು, ಪಟಾಕಿಯ ಸರ. ಗಾಡಿಯೊಂದೇ ಇಲ್ಲ. ವಿಷಯ ತಿಳಿದದ್ದೇ ಗದ್ದಲ ಏಳುತ್ತದೆ.

"ಯಾರ್‍ಯಾರ ಹೆಸ್ರು ಹೋಯ್ತು? ನಂದು ಹೋಯ್ತಾ?"

"ನೀನು ಏಳನೇ ಅಂಗಡಿ, ಹೋಗಿದೀಯ!"

"ನೋಡ್ದ್ರಾ, ನಾನಾಗ್ಲೇ ಡ್ಯೂಟಿ ಮೇಲಿದೀನಿ! ನೀವಿಲ್ಲಿ ಕುರ್ಚಿ ಕಾಯ್ತಾ ಕೂತಿರಿ!"

ಒಂಬತ್ತು ಹೊಡೆಯುತ್ತದೆ. ಕೈಯಲ್ಲಿ ಹನ್ನೆರಡು ಹೆಸರು ಹಿಡಿದುಕೊಂಡ ಹುನ್ ಅಕ್ಕ ಗೋಡೆಗೊರಗಿ ನಿಂತಿದ್ದಾರೆ. ಶುಭಗಳಿಗೆ ತಪ್ಪಿಸಿದವಳು ಎನ್ನಿಸಿಕೊಂಡರೆ ಇನ್ನು ಯಾರೂ ತಮ್ಮ ಹೆಸರನ್ನು ಈ ಕೈಗೆ ಕೊಡುವುದಿಲ್ಲವೆಂಬುದು ಅವರಿಗೆ ಗೊತ್ತು.

ಒಂಬತ್ತು ಇಪ್ಪತ್ತಕ್ಕೆ ಗಾಡಿ ಬರುತ್ತದೆ. ಹೂವು ಒಂದು ಕಡೆಗೆ ಜೋತುಬಿದ್ದಿದೆ. ಪಕ್ಕೆಯಲ್ಲಿ ಇಪ್ಪತ್ಮೂರು ಹೆಸರುಗಳಿವೆ. ಕೊನೆಯ ಮೂರು ಗಾಳಿಗೆ ಹಾರಿಹೋಗಿವೆ. ಹುನ್ ಅಕ್ಕ ತಲೆ ಬಗ್ಗಿಸಿ ನೇರ ಮೀನುಂಡೆಯ ಆ-ತೋ ಮುಂದೆ ಹೋಗಿ ನಿಲ್ಲುತ್ತಾರೆ. "ನಿಮ್ಮ ಹೆಸ್ರು ಬೀಳಿಸ್ಬಿಟ್ಟೆ ಮಾಮ. ತಪ್ಪು ನಂದು."

ಆ-ತೋ ಬಾಯಿ ತೆರೆಯುವ ಮೊದಲೇ ಗಿಮ್ ಆಮಾ ಊರುಗೋಲಿನಿಂದ ದಾರಿ ಬಿಡಿಸಿಕೊಂಡು ಚಾಲಕನ ಹತ್ತಿರ ಬರುತ್ತಾರೆ.

"ಯಾರಪ್ಪಾ ಅವ್ರು, ಎದೆ ಹಿಡ್ಕೊಂಡು ಬಿದ್ದವ್ರು?"

"ಉಪ್ಪಿನ ಗದ್ದೆ ಹತ್ರ ಹಳೇ ಕಬ್ಬಿಣ ಆಯೋ ಮುದುಕ, ಆಮಾ. ಹೆಸ್ರು ಗೊತ್ತಿಲ್ಲ."

"ಬದುಕಿದಾನಾ?"

"ಬದುಕಿದಾನೆ. ಹನ್ನೊಂದು ನಿಮಿಷಕ್ಕೆ ಆಸ್ಪತ್ರೆ ಸೇರಿಸಿದ್ವಿ."

ಆ-ತೋ ತೊಡೆ ತಟ್ಟಿ ಕೂಗುತ್ತಾರೆ: "ನನ್ನ ಹೆಸ್ರು ಬಿದ್ದಿಲ್ಲ ಕಣ್ರೋ, ಭಾರ ಕಡ್ಮೆ ಆಗ್ಲಿ ಅಂತ ದಾರೀಲಿ ಇಳ್ಕೊಂಡಿದೆ! ಹಚ್ಚ್ರೋ ಪಟಾಕೀನಾ!"

ಹೊಗೆ ಆರುವ ಮೊದಲೇ ಹುನ್ ಅಕ್ಕ ಮತ್ತೆ ಮೊಣಕಾಲೂರಿದ್ದಾರೆ. ಬಿದ್ದ ಮೂರು ಹೆಸರುಗಳನ್ನು ಅಲ್ಲೇ ಹೊಸದಾಗಿ ಕೊರೆಯುತ್ತಾರೆ. ಯಾವಾಗಲೂ ಕತ್ತಲು ಹರಿಯುವ ಹೊತ್ತಿನಲ್ಲಿ ಒಂಟಿಯಾಗಿ ನಡೆಯುವ ಈ ಕೆಲಸವನ್ನು ಇಂದು ಇಡೀ ಮಾರುಕಟ್ಟೆ ಕತ್ತು ಚಾಚಿ ನೋಡುತ್ತದೆ. ಹೆಸರಿನವರು ಒಬ್ಬೊಬ್ಬರಾಗಿ ಬಂದು ತಮ್ಮ ಅಕ್ಷರದ ಮೇಲೆ ತಾವೇ ಪಟ್ಟಿ ಒತ್ತುತ್ತಾರೆ. "ಮೆಲ್ಲಗೆ, ಮೀನು ಉಜ್ಜೋ ಹಾಗೆ ಉಜ್ಬೇಡಿ!" ಎಂದು ಅಕ್ಕ ಗದರುತ್ತಾರೆ. ಕೊನೆಯದಾಗಿ ಗಿಮ್ ಆಮಾ ಒತ್ತುತ್ತಾರೆ, ಒತ್ತಿದ ಮೇಲೂ ಕೈ ತೆಗೆಯುವುದಿಲ್ಲ.

ಸನ್ಮಾನ ಮುಗಿದು ಕುರ್ಚಿಗಳನ್ನು ಮಡಚುವಾಗ ಲಾಯ್ ಕೇಳುತ್ತಾರೆ: "ಅಕ್ಕಾ, ಈ ಅಕ್ಷರ ಎಷ್ಟು ವರ್ಷ ಬಾಳ್ತವೆ?"

ಹುನ್ ಅಕ್ಕ ಸೋಪುನೀರನ್ನು ಗಿಡದ ಬುಡದಿಂದ ದೂರ ಚೆಲ್ಲುತ್ತಾರೆ. "ಗಾಡಿ ಓಡಿದ್ರೆ ಐದು ವರ್ಷ. ನಿಂತಿದ್ರೆ ಹತ್ತು." ಸ್ಪಂಜು ಹಿಂಡುತ್ತಾರೆ. "ನಾನು ಅಂಟಿಸಿದ ಹೆಸ್ರುಗಳು ಓಡಿ ಓಡಿ ಕಿತ್ತುಹೋಗೋದು ಬೇಡಪ್ಪ. ಗಾಡಿ ಇಲ್ಲೇ, ಈ ಅಂಗಳದಲ್ಲೇ, ಮಾಡೋಕೆ ಕೆಲ್ಸ ಇಲ್ದೆ ನಿಂತಿರ್ಲಿ. ಬಿಸಿಲಿಗೆ ತಾವಾಗೇ ಮಾಸ್ಲಿ."