ಏಳನೆಯ ಪ್ಲೇಟು

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಅವರಿಗೆ ‘ಸಂಶಯದಮ್ಮ’ ಎಂದೇ ಹೆಸರು, ಬೆನ್ನ ಹಿಂದೆ. ಇಪ್ಪತ್ತೆಂಟು ವರ್ಷ ರೋಗಿಗಳ ಕೀವಿನಿಂದ ಬ್ಯಾಕ್ಟೀರಿಯಾ ಬೆಳೆಸಿ ಅದರ ಕುಲಗೋತ್ರ ಪತ್ತೆ ಹಚ್ಚಿದ ಹೆಂಗಸು. ಕೋಪ ಮೂಗಿನ ತುದಿಯಲ್ಲೇ. ನಾನು ಹೊಸದಾಗಿ ಸೇರಿದಾಗ ಒಂದು ಲೇಬಲ್ ಓರೆಯಾಗಿ ಅಂಟಿಸಿದ್ದಕ್ಕೆ ಮೂರು ದಿನ ಮಾತು ಬಿಟ್ಟಿದ್ದರು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಅವರಿಂದ ಕೇಳಿ ಕೇಳಿ ನಮ್ಮ ಕಿವಿ ತೂತಾಗಿತ್ತು.

ಆ ತಿಂಗಳು ಆಪರೇಷನ್ ವಾರ್ಡಿನಲ್ಲಿ ನಾಲ್ವರ ಹೊಲಿಗೆ ಕೀವಾಯಿತು. ಅವರಲ್ಲೊಬ್ಬರು ಸಂಶಯದಮ್ಮನ ಅತ್ತೆ. ಯಾರಿಂದಲೋ ಹರಡಿದೆ ಎಂದು ಎಲ್ಲರೂ ವಾರ್ಡಿನ ಆಯಾಳತ್ತ ಬೆರಳು ತೋರಿಸಿದರು. ಬಡವರ ಮೇಲೆ ಗೂಬೆ ಕೂರಿಸುವುದು ಸುಲಭ ತಾನೇ. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಅವಳದ್ದೇ ಎಂದಾದರೆ ಕೆಲಸದಿಂದ ತೆಗೆಯುವುದಾಗಿ ಮೇಟ್ರನ್ ಹೇಳಿಬಿಟ್ಟಿದ್ದರು.

ಆಯಾ ಲ್ಯಾಬಿಗೇ ಬಂದಳು. “ಅಮ್ಮಾ, ತೊಳೆದೂ ತೊಳೆದೂ ಕೈ ಚರ್ಮ ಕಿತ್ಹೋಗಿದೆ, ನೋಡಿ.”

“ಕೈ ಆಮೇಲೆ. ಮೊದ್ಲು ಮೂಗು ತೋರಿಸು,” ಎಂದು ಸಂಶಯದಮ್ಮ ಗದರಿ ಹತ್ತಿಕಡ್ಡಿ ಆಡಿಸಿದರು. ಗಾಯ ಕೀವಾಗಿಸುವ ಈ ಬ್ಯಾಕ್ಟೀರಿಯಾ ಗಟ್ಟಿಮುಟ್ಟಾಗಿರುವವರ ಮೂಗಿನಲ್ಲೂ ಸದ್ದಿಲ್ಲದೆ ಮನೆ ಮಾಡಿಕೊಂಡಿರುತ್ತದೆ.

ವಾರ್ಡಿನ ಸಿಬ್ಬಂದಿ ಆರು ಮಂದಿ. ಮೂಗಿನ ಕಡ್ಡಿ ಸವರಿ ಬ್ಯಾಕ್ಟೀರಿಯಾ ಬೆಳೆಯಲು ಇಟ್ಟ ಪ್ಲೇಟುಗಳು ಮಾತ್ರ ಏಳಿದ್ದವು. ಏಳನೆಯದು ಯಾರದ್ದೆಂದು ಕೇಳಿ ಬೈಸಿಕೊಂಡೆ.

ಬ್ಯಾಕ್ಟೀರಿಯಾದ ಡಿಎನ್‌ಎ ತುಂಡರಿಸಿ ಲೋಳೆಯಂಥ ಜೆಲ್‌ನಲ್ಲಿ ಕರೆಂಟು ಹಾಯಿಸಿ ಓಡಿಸಿದರೆ ಗೆರೆಗಳು ಮೂಡುತ್ತವೆ. ಒಂದೇ ಕುಲವಾದರೆ ಒಂದೇ ತೆರನ ಗೆರೆಗಳು. ನಾಲ್ವರು ರೋಗಿಗಳದ್ದು ಅಚ್ಚು ಹೊಡೆದಂತೆ ಒಂದೇ ಇತ್ತು. ಆಯಾಳದ್ದು ಬೇರೆ. ಏಳನೆಯದು ಮಾತ್ರ ತಾಳೆಯಾಯಿತು. ಸಂಶಯದಮ್ಮ ಮೊದಲಿನಿಂದ ಮತ್ತೆ ಮಾಡಿದರು. ಅದೇ ಗೆರೆ.

ಸ್ಟೂಲಿನ ಮೇಲೆ ಕುಸಿದು ಕೂತರು. “ಅದು ನಂದೇ ಮೂಗಿಂದು. ದಿನಾ ಸಂಜೆ ಅತ್ತೆ ನೋಡೋಕೆ ಹೋಗ್ತಿದ್ದೆ. ಪಾಪ ಅಂತ ಪಕ್ಕದ ಮಂಚದವರ ದಿಂಬೂ ಸರಿ ಮಾಡ್ತಿದ್ದೆ.” ಅವರ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

“ಏಳನೇದು ಯಾರಿಗೂ ಗೊತ್ತಿಲ್ವಲ್ಲ ಮೇಡಂ. ಆಯಾದು ಬೇರೆ ಅಂತ ಬರೆದ್ರೆ ಸಾಕಲ್ವಾ?” ನಾಚಿಕೆಗೆಟ್ಟ ಮಾತು. ಆದರೂ ಅಂದೆ.

“ಸಾಲಲ್ಲ. ನಾಳೆ ಇನ್ನೊಬ್ಬಳನ್ನ ಹುಡುಕ್ತಾರೆ.” ವರದಿಯಲ್ಲಿ ತಮ್ಮ ಪೂರ್ತಿ ಹೆಸರು ಬರೆದು, ಎರಡು ಸಲ ಓದಿ, ಸಹಿ ಹಾಕಿದರು.

ಮೂಗಿಗೆ ಮುಲಾಮು ಹಚ್ಚಿ ಆ ಬ್ಯಾಕ್ಟೀರಿಯಾ ಹೋಗುವವರೆಗೆ ಅವರಿಗೆ ವಾರ್ಡಿಗೆ ಪ್ರವೇಶವಿಲ್ಲ ಎಂದಾಯಿತು. ಅಂದು ಸಂಜೆ ಅಭ್ಯಾಸಬಲದಿಂದ ವಾರ್ಡಿನ ಬಾಗಿಲವರೆಗೆ ಹೋಗಿ ನಿಂತುಬಿಟ್ಟರು. ಒಳಗೆ ಅತ್ತೆಯ ದಿಂಬು ಜಾರಿತ್ತು. ಬಾಗಿಲಲ್ಲಿ ನಿಂತ ಅವರನ್ನು ಆಯಾ ನೋಡಿದಳು.

“ನೀವು ಅಲ್ಲೇ ಇರಿ ಅಮ್ಮಾ. ದಿಂಬು ನಾನು ಸರಿ ಮಾಡ್ತೀನಿ,” ಎಂದು, ಮೊದಲು ಕೈ ತೊಳೆಯಲು ಹೋದಳು.